ಇನ್ನೊಂದು ಸ್ವಲ್ಪ ಇಳಿಸಿ

ಫೋಟೋ ಫ್ರೇಮಿನ ಅಂಗಡಿ ನಡೆಸುವ ನಮ್ಮ ದೊಡ್ಡಮ್ಮ ಚೌಕಾಸಿಯಲ್ಲಿ ಎತ್ತಿದ ಕೈ. ಫ್ರೇಮು ಕಳಿಸುವ ವ್ಯಾಪಾರಿ ಯಾವ ರೇಟು ಹೇಳಿದರೂ ಆಕೆಯದು ಒಂದೇ ಮಾತು: "ಇನ್ನೊಂದು ಸ್ವಲ್ಪ ಇಳಿಸಿ." ಆತ ಎದುರಾಡದೆ ಇಳಿಸುತ್ತಿದ್ದ.

ಪ್ರತಿ ಫ್ರೇಮಿನೊಳಗೂ ನಮೂನೆಗೆಂದು ಒಂದೇ ಫೋಟೋ ಇರುತ್ತಿತ್ತು: ಸೋಫಾದ ಮೇಲೆ ನಗುತ್ತ ಕೂತ ಐದು ಜನರ ಸಂಸಾರ, ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಒಂದು ಮಗು. ಮೊದಲ ಸಲ ರೇಟು ಇಳಿದಾಗ ಬಂದ ಲೋಡಿನಲ್ಲಿ ಅಜ್ಜ ಇರಲಿಲ್ಲ. ಮತ್ತೆ ಇಳಿದಾಗ ಅಜ್ಜಿಯೂ ಇಲ್ಲ. ಸೋಫಾ ಅದೇ, ಉಳಿದವರ ನಗು ಮಾತ್ರ ಕೊಂಚ ಬಿಗಿಯಾಗಿತ್ತು.

"ಬೇರೆ ಫೋಟೋ ಇರ್ಬೇಕು ಬಿಡೇ, ನಿಂಗೇನು ತಲೆ ಕೆಟ್ಟಿದ್ಯಾ?" ಎಂದು ದೊಡ್ಡಮ್ಮ, ಅದನ್ನು ತೋರಿಸಿದ ನನ್ನನ್ನೇ ಗದರಿದಳು. ಫೋಟೋದಲ್ಲಿ ಅಪ್ಪ ಕಾಣದಾದಾಗಲೂ ಹಾಗೇ ಗದರಿದಳು. ಅಮ್ಮನೂ ಮಾಯವಾಗಿ, ಅಷ್ಟು ದೊಡ್ಡ ಸೋಫಾದಲ್ಲಿ ಮಗುವೊಂದೇ ಉಳಿದಾಗ ಆಕೆಯೇ ಫ್ರೇಮನ್ನು ಬೆಳಕಿಗೆ ಹಿಡಿದು ನೋಡಿದಳು.

ಕೂಡಲೇ ವ್ಯಾಪಾರಿಗೆ ಫೋನು ಮಾಡಿದಳು. "ಈ ಸಲ ಏನೂ ಇಳಿಸ್ಬೇಡಿ, ಕೇಳಿಸ್ತಾ? ಬೇಕಾದ್ರೆ ಜಾಸ್ತೀನೇ ತಗೊಳ್ಳಿ."

ಆ ಕಡೆಯಿಂದ ವಿನಯದ ದನಿ ಬಂತು: "ಛೆ ಛೆ, ನೀವು ನಮ್ಮ ಕಾಯಂ ಗಿರಾಕಿ ಅಕ್ಕಾ. ನೀವು ಕೇಳೋಕೆ ಮುಂಚೇನೇ ಇಳಿಸ್ಬಿಟ್ಟಿದ್ದೀನಿ. ಲೋಡು ನಿಮ್ಮ ಬಾಗಿಲಲ್ಲೇ ಇದೆ, ನೋಡಿ."