ಕಜೆಟನ್ ಮುಟ್ಟಗೊಡದ ಡಬ್ಬಿ

ಬೆಳ್ಮಣ್ಣಿನ ಕಜೆಟನ್ ಮುಂಬಯಿ ಬಂದರಿನ ಕೆಲಸ ಬಿಟ್ಟು ಊರಿಗೆ ಬಂದಾಗ ಜೊತೆಗೆ ತಂದದ್ದು ಒಂದು ತಗಡಿನ ಪೆಟ್ಟಿಗೆ, ಮತ್ತು ಆ ಪೆಟ್ಟಿಗೆಯಲ್ಲಿ ಹಿಡಿಸದಷ್ಟು ಗರ್ವ. ಮಣಿಪಾಲದಲ್ಲಿ ಒಂದರ ಹಿಂದೆ ಒಂದು ಕಟ್ಟಡ ಏಳುತ್ತಿದ್ದ ಕಾಲ ಅದು. ಕಾರ್ಕಳದ ಗುಣಪಾಲ ಧಣಿಗಳ ಅಂಗಳದಿಂದ ಲಾರಿಗಟ್ಟಲೆ ಕರಿಕಲ್ಲು ಅಲ್ಲಿಗೆ ಹೋಗುತ್ತಿತ್ತು. ಕಲ್ಲು ಎತ್ತಲು ಧಣಿಗಳು ಹಳೆಯ ಚೈನ್ ಪುಲ್ಲಿಯೊಂದನ್ನು ತರಿಸಿ ತೊಲೆಗೆ ತೂಗುಹಾಕಿದ್ದರು. ಅದನ್ನು ನಡೆಸಬಲ್ಲವನು ಸುತ್ತಮುತ್ತ ಕಜೆಟನ್ ಒಬ್ಬನೇ. ಕ್ರಿಸ್ತುವರನ್ನು ಕರೆಯುವ ಆ ಕಡೆಯ ರೂಢಿಯಂತೆ ಅಂಗಳದವರಿಗೆ ಅವನು ಪೊರ್ಬುಗಳು.

ಕೆಲಸದಲ್ಲಿ ಅವನಿಗೆ ಹೆಸರಿಡುವಂತಿರಲಿಲ್ಲ. ಬೆಳಿಗ್ಗೆ ಬಂದವನೇ ಸರಪಳಿಯ ಒಂದೊಂದು ಕೊಂಡಿಯನ್ನೂ ಬೆರಳಲ್ಲಿ ತಡವುತ್ತಿದ್ದ. ಕೊಕ್ಕೆಯ ಬಾಯಿ ಅಗಲವಾಗಿದೆಯೇ, ಬಾಯಿಗೆ ಅಡ್ಡವಿರುವ ಚಿಲಕ ಸರಿಯಾಗಿ ಕೂರುತ್ತದೆಯೇ ಎಂದು ನೋಡುತ್ತಿದ್ದ. ಕಲ್ಲನ್ನು ಗೇಣುದ್ದ ಎತ್ತಿ, ನಿಲ್ಲಿಸಿ, ಆಮೇಲೆಯೇ ಮೇಲಕ್ಕೆ. ತೂಗುವ ಕಲ್ಲಿನ ಕೆಳಗೆ ಯಾರಾದರೂ ಕಾಲಿಟ್ಟರೆ ಕೆನ್ನೆಗೆ ಬೀಳುತ್ತಿತ್ತು. ಆದರೆ ಯಾವುದಕ್ಕೂ ಯಾಕೆ ಎಂದು ಹೇಳುವವನಲ್ಲ. ಕಲ್ಲಿಗೆ ಸರಪಳಿ ಸುತ್ತುವ ದೇಜಪ್ಪ ಒಮ್ಮೆ ಪುಲ್ಲಿಯ ಪಕ್ಕದ ಬ್ರೇಕಿನ ಡಬ್ಬಿಯಲ್ಲಿ ಎಂತ ಉಂಟು ಎಂದು ಕೇಳಿದ್ದಕ್ಕೆ, ಮುಟ್ಟಿದರೆ ಕೈ ಮುರಿಯುತ್ತೇನೆ ಎಂಬ ಉತ್ತರ ಸಿಕ್ಕಿತ್ತು.

ಡಬ್ಬಿಯಲ್ಲಿ ಇದ್ದದ್ದು ದೊಡ್ಡ ರಹಸ್ಯವೇನಲ್ಲ. ಒಂದಕ್ಕೊಂದು ಒತ್ತಿಕೊಂಡು ಭಾರವನ್ನು ಹಿಡಿದು ನಿಲ್ಲಿಸುವ ಬಿಲ್ಲೆಗಳು. ಅವು ಒಣಗಿಯೇ ಇರಬೇಕು, ಎಣ್ಣೆ ತಾಗಿದರೆ ಹಿಡಿತ ಹೋಯಿತು. ಇದನ್ನು ಎಲ್ಲರಿಗೂ ಹೇಳಿಬಿಟ್ಟರೆ ಆಮೇಲೆ ಕಜೆಟನ್ ಯಾರಿಗೆ ಬೇಕು? ಜಾಗ ಉಳಿಸಿಕೊಳ್ಳುವ ಈ ಜಾಣತನಕ್ಕೆ ನಾನು ಸಣ್ಣತನ ಎನ್ನುತ್ತೇನೆ.

ದೇಜಪ್ಪ ಕಾಪುವಿನ ಕಡಲು ಬಿಟ್ಟು, ಹೆಂಡತಿ ಅಪ್ಪಿಯೊಡನೆ ಈ ಅಂಗಳಕ್ಕೆ ಕೂಲಿಗೆ ಬಂದವನು. ಎಣ್ಣೆ ಕುಡಿದಷ್ಟೂ ದೋಣಿಗೆ ಆಯುಸ್ಸು ಎಂಬುದನ್ನು ಚಿಕ್ಕಂದಿನಿಂದ ಕಂಡವನು. ಆಯುಧಪೂಜೆಯ ದಿನ ಕಜೆಟನ್ ಪ್ರತಿವರ್ಷವೂ ಪುಲ್ಲಿಯ ಪಕ್ಕದಲ್ಲೇ ಕಾವಲು ನಿಲ್ಲುತ್ತಿದ್ದ. ಆ ವರ್ಷ ಮಾತ್ರ ನೆಂಟರ ಮದುವೆಗೆಂದು ಉಡುಪಿಗೆ ಹೋದ. ದೇಜಪ್ಪ ಪುಲ್ಲಿಯನ್ನು ತೊಳೆದು, ಉಜ್ಜಿ, ಡಬ್ಬಿಯನ್ನೂ ಬಿಚ್ಚಿ, ದೀಪಕ್ಕೆ ತಂದ ತೆಂಗಿನೆಣ್ಣೆಯನ್ನು ಬಿಲ್ಲೆಗಳಿಗೆಲ್ಲ ಭಕ್ತಿಯಿಂದ ಸವರಿದ. ಮುಚ್ಚಿ, ಮೇಲೆ ಕುಂಕುಮ ಇಟ್ಟ. ಧಣಿಗಳು ನೋಡಿ ಮೆಚ್ಚಿದರು.

ಮರುದಿನ ಕಜೆಟನ್ ಕುಂಕುಮ ನೋಡಿ ಮೂಗು ಮುರಿದ, ಡಬ್ಬಿ ಬಿಚ್ಚಿ ನೋಡಲಿಲ್ಲ. ಗೇಣುದ್ದ ಎತ್ತಿದಾಗ ಕಲ್ಲು ನಿಂತಿತು. ಮೇಲೆತ್ತಿದ. ಲಾರಿ ಹಿಂದೆ ಸರಿದು ಅಡಿಗೆ ಬಂತು. ಕಲ್ಲನ್ನು ಲಾರಿಯ ಹಲಗೆಯ ಹತ್ತಿರಕ್ಕೆ ಇಳಿಸಿ ನಿಲ್ಲಿಸಿ, ಸರಪಳಿ ಬಿಡಿಸಲು ಸಂದಿ ಇರಲೆಂದು ಕೆಳಗೆ ಮರದ ತುಂಡು ಇಡಲು ಕಜೆಟನ್ ಬಲಗೈ ಚಾಚಿದಾಗ ಕಲ್ಲು ಸದ್ದಿಲ್ಲದೆ ಜಾರಿ ಕೂತಿತು. ಹಾರೆ ಹಾಕಿ ಕಲ್ಲನ್ನು ಮೀಟಿ ಕೈ ಬಿಡಿಸಿದರು. ಅದೇ ಲಾರಿಯಲ್ಲಿ, ಅದೇ ಕಲ್ಲಿನ ಪಕ್ಕದಲ್ಲಿ ಅವನನ್ನು ಮಲಗಿಸಿದರು. ದಾರಿಯಲ್ಲಿ ಮೊದಲು ಸಿಗುವುದು ಮಣಿಪಾಲವಾದ್ದರಿಂದ, ಧಣಿಗಳ ಅಪ್ಪಣೆಯಂತೆ ಅಲ್ಲಿ ಕಲ್ಲು ಇಳಿಸಿ, ಅಲ್ಲಿನ್ನೂ ಆಸ್ಪತ್ರೆ ಎದ್ದಿರದ ಕಾರಣ ಆಮೇಲೆ ಕಜೆಟನನ್ನು ಉಡುಪಿಯ ಆಸ್ಪತ್ರೆಗೆ ಮುಟ್ಟಿಸಿದರು. ಕೈಯನ್ನು ಮೊಣಕೈವರೆಗೆ ತೆಗೆಯಬೇಕಾಯಿತು.

ಸರಪಳಿ ಕಡಿದಿಲ್ಲ, ಕೊಕ್ಕೆ ಬಿಚ್ಚಿಲ್ಲ, ತಪ್ಪು ಕಜೆಟನದ್ದೇ ಎಂದು ಧಣಿಗಳು ತೀರ್ಮಾನಿಸಿ ದೇಜಪ್ಪನನ್ನು ಆ ಜಾಗಕ್ಕೆ ಹಾಕಿದರು. ದೇಜಪ್ಪ ಎಳನೀರು ಹಿಡಿದುಕೊಂಡು ಆಸ್ಪತ್ರೆಗೆ ಬಂದ. ಪೂಜೆಯ ಎಣ್ಣೆ ಡಬ್ಬಿಯ ಒಳಗೂ ಬಿದ್ದದ್ದರಿಂದ ಜೀವಕ್ಕೆ ಬರಬೇಕಾದದ್ದು ಕೈಯಲ್ಲೇ ಹೋಯಿತು, ಇನ್ನು ಮಂಗಳವಾರಕ್ಕೊಮ್ಮೆ ತಪ್ಪದೆ ಎಣ್ಣೆ ಹಾಕುತ್ತೇನೆ ಎಂದು ಸಮಾಧಾನ ಹೇಳಿದ.

ಕಜೆಟನಿಗೆ ಎಲ್ಲವೂ ಅರ್ಥವಾಯಿತು. ಅಲ್ಲಿಯಾದರೂ ಬಾಯಿ ಬಿಟ್ಟು ಹೇಳಬಹುದಿತ್ತು. ಆದರೆ ಕೈ ಹೋದರೂ ಹೇಳಿ ಮಾಡಿಸುವ ಮೇಸ್ತ್ರಿಯಾಗಿಯಾದರೂ ಧಣಿಗಳು ಕರೆದಾರು ಎಂಬ ಆಸೆ ಒಳಗೆ ಇತ್ತು. ಕತ್ತೆ ಎಂದು ಬೈದು, ಬಿಲ್ಲೆಗಳನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸು, ಯಾಕೆಂದು ಕೇಳಬೇಡ ಎಂದು ಅಪ್ಪಣೆ ಕೊಟ್ಟ.

ದೇಜಪ್ಪನ ಮುಖ ಬಿಗಿಯಿತು. "ನಿಮ್ಮ ಜಾಗ ನನಗೆ ಸಿಕ್ಕಿತು ಅಂತ ಹೊಟ್ಟೆಕಿಚ್ಚು, ಅಲ್ವಾ ಪೊರ್ಬುಗಳೇ?" ಎಂದು ಎದ್ದು ಹೋದ.

ಮಂಗಳವಾರದ ಎಣ್ಣೆ ತಪ್ಪಲಿಲ್ಲ. ಕೆಲವು ಕಲ್ಲುಗಳು ನಿಂತವು, ಕೆಲವು ಸ್ವಲ್ಪ ಜಾರಿದವು. ಹೊಸ ಎಣ್ಣೆ, ಒಗ್ಗಬೇಕು ಎಂದುಕೊಂಡ ದೇಜಪ್ಪ. ಕಲ್ಲಿನ ಕೆಳಗೆ ಮರದ ತುಂಡು ಇಡುವ ಕೆಲಸ ಈಗ ಅಪ್ಪಿಯದ್ದಾಗಿತ್ತು. ಒಂದು ದಿನ ಅವಳು ಲಾರಿಯ ಮೇಲೆ ತುಂಡು ಸರಿಮಾಡಲು ಪೂರ್ತಿ ಬಗ್ಗಿದ್ದಾಗ ಕಲ್ಲು ಜಾರಿತು. ಅವಳನ್ನು ಆಸ್ಪತ್ರೆಗೆ ಒಯ್ಯುವ ಅಗತ್ಯ ಬೀಳಲಿಲ್ಲ.

ಅಪ್ಪಿಯ ಉತ್ತರಕ್ರಿಯೆ, ಬೊಜ್ಜ, ಮುಗಿದ ಮೇಲೆ ದೇಜಪ್ಪ ಬೆಳ್ಮಣ್ಣಿಗೆ ಬಂದ. ಕಜೆಟನ್ ಜಗಲಿಯಲ್ಲಿ ಕೂತಿದ್ದ. ಅವನ ಹೆಂಡತಿ ಕಾನ್ಸೆಪ್ಟಾ ಬಂದವನಿಗೊಂದು ಸ್ಟೂಲು ಇಟ್ಟು, ಮುಖ ನೋಡಲಾಗದೆ ಒಳಗೆ ಹೋದಳು. ಹೊಡೆಯಲು ಬಂದನೆಂದೇ ಕಜೆಟನ್ ಎಣಿಸಿದ್ದ, ಹೊಡೆದರೆ ಒಳ್ಳೆಯದಿತ್ತು. ದೇಜಪ್ಪ ಅಪ್ಪಿಯ ಹೆಸರೇ ಎತ್ತಲಿಲ್ಲ. ಬೀಡಿ ಹಚ್ಚಿಕೊಂಡು ಕೇಳಿದ:

"ಆ ಡಬ್ಬಿಯಲ್ಲಿ ಎಂತ ಉಂಟು, ಪೊರ್ಬುಗಳೇ?"

ಕಜೆಟನ್ ಹೇಳಿದ. ಬಿಲ್ಲೆಗಳು ಹೇಗೆ ಒತ್ತಿ ಹಿಡಿಯುತ್ತವೆ, ಎಣ್ಣೆ ತಾಗಿದರೆ ಏಕೆ ಜಾರುತ್ತವೆ, ಮೊದಲ ಸಲ ನಿಂತ ಕಲ್ಲು ಆಮೇಲೆ ಏಕೆ ನಿಲ್ಲುವುದಿಲ್ಲ, ಎಲ್ಲವನ್ನೂ ಉಳಿದ ಎಡಗೈಯಿಂದ ತೋರಿಸಿ ತೋರಿಸಿ ಹೇಳಿದ. ದೇಜಪ್ಪ ಬೀಡಿಯ ಬೂದಿ ಕೊಡವಿದ.

"ಇಷ್ಟೆಯಾ?"

"ಇಷ್ಟೇ."

ದೇಜಪ್ಪನ ಕೈಯಲ್ಲಿದ್ದ ಬೀಡಿ ಇನ್ನೂ ಅರ್ಧ ಉಳಿದಿತ್ತು.