ಹೀಟರಿಗೆ ಹಾಕಿದ ಅರಿಷಿಣ

ಆಗೆಲ್ಲ ಯಾದಗಿರಿಯಲ್ಲಿ ಮೋಟಾರು ಬಂದರೆ ನಾಯಿಗಳಿಗಿಂತ ಮೊದಲು ನಾವು ಮಕ್ಕಳು ಬೆನ್ನು ಹತ್ತುತ್ತಿದ್ದೆವು. ನಿಜಾಮರ ಆಳ್ವಿಕೆ ಮುಗಿದು, ಶಾಲೆಯ ಉರ್ದು ಬೋರ್ಡಿನ ಪಕ್ಕ ಕನ್ನಡ ಬೋರ್ಡು ಬಂದ ಹೊಸತು. ಹೈದರಾಬಾದಿಗೆ ಹೊರಟುಹೋದ ಒಬ್ಬ ನವಾಬರ ಕಾರನ್ನು ಶೇಂಗಾ ವ್ಯಾಪಾರದ ಸಾವುಕಾರರು ಕೊಂಡರು. ಕಾರಿನ ಜೊತೆಗೆ ಅದರ ಡ್ರೈವರನೂ ಬಂದ. ಅವನೇ ನಮ್ಮಪ್ಪ. ಹಾಗಾಗಿ ಓಣಿಯಲ್ಲಿ ನನ್ನ ಗತ್ತೇ ಬೇರೆ. ಕುಂಟಾಬಿಲ್ಲೆಯಲ್ಲಿ ಗೆರೆ ತುಳಿದರೂ ಗೆಳತಿಯರು ಸುಮ್ಮನಿರುತ್ತಿದ್ದರು.

ಕಾರು ವಿಲಾಯತಿಯದು. ಒಳಗೆ ಕಾಲಿನ ಹತ್ತಿರ ಒಂದು ಪೆಟ್ಟಿಗೆ ಇತ್ತು. ಅದು ಹೀಟರ್, ತಣ್ಣನೆಯ ದೇಶದವರು ಕಾಲು ಬೆಚ್ಚಗಿಡಲು ಮಾಡಿಕೊಂಡದ್ದು. ನಮ್ಮ ಊರಿನ ಬಿಸಿಲಲ್ಲಿ ಅದನ್ನು ಕಂಡವರೆಲ್ಲ ನಗುತ್ತಿದ್ದರು. “ಒಲಿ ಮುಂದ ಕುಂತವ್ರಿಗೆ ಕಂಬಳಿ ಹೊಚ್ಚಿದಂಗಾತು,” ಅನ್ನುತ್ತಿದ್ದರು ಸಾವುಕಾರರು. ಒಂದು ದಿನ ಆ ಪೆಟ್ಟಿಗೆ ಸೋರಿ ಬಿಸಿನೀರು ಅವರ ಧೋತರದ ಮೇಲೆಯೇ ಬಿತ್ತು.

ಹಿಂದೊಮ್ಮೆ ರೇಡಿಯೇಟರ್ ಸೋರಿದಾಗ ಅಪ್ಪ ಅದರ ನೀರಿಗೆ ಚಿಟಿಕೆ ಅರಿಷಿಣ ಹಾಕಿದ್ದನ್ನು ನಾನು ನೋಡಿದ್ದೆ. ಪುಡಿ ಹರಿದು ಹೋಗಿ ತೂತಿಗೆ ಕೂತು, ಸೋರುವುದು ನಿಂತಿತ್ತು. ನನ್ನ ಮೊಣಕಾಲು ತರಚಿದಾಗ ಅವ್ವ ಒತ್ತುತ್ತಿದ್ದದ್ದೂ ಅರಿಷಿಣವೇ. ನನಗೆ ಒಂಬತ್ತು ವರ್ಷ. ಚಿಟಿಕೆಗೆ ಇಷ್ಟು ಗುಣವಾದರೆ ಡಬ್ಬಿಗೆ ಎಷ್ಟಾದೀತು! ಯಾರೂ ಇಲ್ಲದಾಗ ಕಾರಿನ ಮೂತಿಯ ಮೇಲಿನ ರೇಡಿಯೇಟರ್ ಬಿರಡೆ ತಿರುವಿ, ಡಬ್ಬಿಯಲ್ಲಿದ್ದದ್ದನ್ನೆಲ್ಲ ಸುರಿದುಬಿಟ್ಟೆ. ಅದೇ ನೀರು ಹರಿಯುವ ಹೀಟರ್ ಸೋರುವುದು ನಿಂತಿತು. ಅಪ್ಪ ಅದು ತಾನೇ ನಿಂತಿತೆಂದುಕೊಂಡ. ಡಬ್ಬಿ ಖಾಲಿಯಾದದ್ದಕ್ಕೆ ಅವ್ವ ನೆರೆಮನೆಯವಳ ಮೇಲೆ ಸಂಶಯಪಟ್ಟಳು. ನಾನು ಮಾತ್ರ ಒಳಗೊಳಗೇ ದೊಡ್ಡ ಡಾಕ್ಟರಾಗಿದ್ದೆ.

ಬಾಣಂತನಕ್ಕೆಂದು ಅವ್ವ ಹತ್ತಿಕುಣಿಯ ತವರಿಗೆ ಹೋದಳು. ಅದು ಮಾಗಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ವಾಸನೆ ಓಣಿ ತುಂಬಿರುತ್ತಿದ್ದ ಕಾಲ. ಒಂದು ಮಧ್ಯಾಹ್ನ ಸೋದರಮಾವ ಸೈಕಲ್ ತುಳಿದುಕೊಂಡು ಬಂದ.

“ಗಂಡು ಕೂಸು ಹುಟ್ಟ್ಯಾದ್ರಿ. ಏಳು ತಿಂಗಳಿಗೇ ಹುಟ್ಟ್ಯಾದ. ಅಳಾಕ ಸುದ್ದಾ ತ್ರಾಣಿಲ್ಲ, ಕಾಲು ಬರಫ್ ಆಗ್ಯಾವ,” ಅಂದ.

ನಮ್ಮೂರ ದವಾಖಾನೆಯ ಡಾಕ್ಟರರು ಸುದ್ದಿ ಕೇಳಿ, ಕೂಸನ್ನು ಕೂಡಲೇ ತರಬೇಕು ಅಂದರು. ಆದರೆ ದಾರಿಯಲ್ಲಿ ಥಂಡಿ ಬಡಿದರೆ ಉಳಿಯುವುದಿಲ್ಲವೆಂದೂ ಹೇಳಿದರು. ಬಂಡಿಯಲ್ಲಿ ತಂದರೆ ಅರ್ಧ ರಾತ್ರಿ ಮಾಗಿಯ ಗಾಳಿಯಲ್ಲೇ. ಅಪ್ಪ ಸಾವುಕಾರರ ಮನೆಗೆ ಓಡಿದ.

“ಕೂಸಿಗಿಂತ ಕಾರೇನು ದೊಡ್ಡದೋ? ಒಯ್ಯಿ,” ಅಂದರು ಅವರು.

ಅಪ್ಪ ಕಾರು ಚಾಲೂ ಮಾಡಿ, ಬಿಸಿಯಾಗುವವರೆಗೆ ಕಾದು ಹೀಟರ್ ಹಾಕಿದ. ಫ್ಯಾನು ತಿರುಗಿತು. ಬಂದದ್ದು ತಣ್ಣನೆ ಗಾಳಿ.

ಬದಲಿ ಸಾಮಾನು ಹೈದರಾಬಾದಿನಿಂದ ಬರಬೇಕು, ಅಷ್ಟು ದಿನ ಕೂಸಿನ ಕೈಯಲ್ಲಿರಲಿಲ್ಲ. ಅಪ್ಪ ಪೆಟ್ಟಿಗೆ ಬಿಚ್ಚಿ, ಒಳಗಿನ ತಾಮ್ರದ ಜಾಲರಿಯಂಥದ್ದನ್ನು ಎತ್ತಿಕೊಂಡು, ಪಾತ್ರೆಗಳಿಗೆ ಕಲಾಯಿ ಹಾಕುವ ಖಾಸಿಂ ಚಾಚಾನ ಹತ್ತಿರ ನಡೆದ. ನಾನು ಬೆನ್ನಿಗೇ ಓಡಿದೆ. ಕಲಾಯಿಗೆ ಉದುರಿಸುವ ನವಸಾಗರದ ಬಿಳಿ ಹೊಗೆ ಮೂಗಿಗೆ ಖಾರವಾಗಿ ಹತ್ತುವ ಜಾಗ ಅದು. ಚಾಚಾ ಒಂದು ಬದಿಯ ಬೆಸುಗೆ ಕಾಸಿ ಮುಚ್ಚಳ ಎಬ್ಬಿಸಿದ. ಒಳಗೆಲ್ಲ ಹಳದಿ ರಾಡಿ ಗಟ್ಟಿಯಾಗಿ ಕೂತಿತ್ತು.

“ಡ್ರೈವರ್ ಸಾಬ್, ಇದಕ್ಕೇನ್ ಮದಿವಿ ಮಾಡೀರೇನು? ಮೈತುಂಬ ಅರಿಷಿಣ ಅದಲ್ಲ!”

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕಾಣದ ತಮ್ಮನನ್ನು ನಾನೇ ಕೊಂದೆ ಅನ್ನಿಸಿ ಅಳು ಒತ್ತಿಕೊಂಡು ಬಂತು.

“ನಾನೇ ಹಾಕೀನಿ ಅಪ್ಪಾ. ಗಾಯ ಮಾಯಲಿ ಅಂತ ಡಬ್ಬಿ ಪೂರಾ ಹಾಕೀನಿ.”

ಅಪ್ಪನ ಕೈ ಮೇಲೆದ್ದಿತು. ಚಾಚಾ ಅದನ್ನು ಹಿಡಿದುಕೊಂಡ.

“ಹೊಡಿಬ್ಯಾಡ್ರಿ. ಬೇಟಿ, ಅಳಾಕ ಉಸಿರು ಖರ್ಚು ಮಾಡಬ್ಯಾಡ. ನಿನ್ನ ಉಸಿರಿಗೆ ಕೆಲಸ ಅದ. ಬಾ ಇಲ್ಲಿ, ನೋಡು.”

ನೋಡಿದೆ. ಎರಡು ಬದಿಗೆ ಎರಡು ಚಪ್ಪಟೆ ಡಬ್ಬಿ. ನಡುವೆ ಕಡ್ಡಿಯಷ್ಟು ಸಣ್ಣ ನಳಿಗೆಗಳ ಸಾಲು. ನಳಿಗೆಗಳಿಗೆ ಅಂಟಿಕೊಂಡು ಕಾಗದದಷ್ಟು ತೆಳು ತಾಮ್ರದ ಹಾಳೆಯ ಮಡಿಕೆಗಳು. ಇಂಜಿನ್ನಿನ ಬಿಸಿನೀರು ಒಂದು ಡಬ್ಬಿಗೆ ಬಂದು, ನಳಿಗೆಗಳಲ್ಲಿ ಹಾದು, ಇನ್ನೊಂದರಿಂದ ತಿರುಗಿ ಇಂಜಿನ್ನಿಗೆ ಹೋಗಬೇಕು. ದಾರಿಯಲ್ಲಿ ಮಡಿಕೆಗಳು ಬಿಸಿಯಾಗುತ್ತವೆ, ಫ್ಯಾನು ಆ ಶಾಖವನ್ನು ಕಾಲಿನ ಕಡೆ ದೂಡುತ್ತದೆ. ನನ್ನ ಅರಿಷಿಣ ಆ ದಾರಿಯನ್ನೇ ಕಟ್ಟಿಹಾಕಿತ್ತು.

ಚಾಚಾನ ಹೆಂಡತಿ ಹುಣಸೆಹುಳಿ ನೀರು ಕುದಿಸಿ ಕೊಟ್ಟಳು. ಅದನ್ನು ಹೊಯ್ದು, ಸಣ್ಣ ತಂತಿ ತೂರಿಸಿ, ಒಂದೊಂದೇ ನಳಿಗೆ ತೆರೆದರು. ಮುಚ್ಚಳವನ್ನು ತಿರುಗಿ ಬೆಸೆದ ಮೇಲೆ ಚಾಚಾ ಜಾಲರಿಯ ಒಂದು ಬಾಯಿಗೆ ಬಿಗಿಯಾಗಿ ಬಿರಡೆ ತುರುಕಿ, ಜಾಲರಿಯನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಇನ್ನೊಂದು ಬಾಯಿಗೆ ರಬ್ಬರ್ ಕೊಳವೆ ಸಿಕ್ಕಿಸಿ ನನ್ನ ಕೈಗೆ ಕೊಟ್ಟ.

“ಊದು ಬೇಟಿ.”

ಊದಿದೆ. ಎರಡು ಕಡೆ ಗುಳ್ಳೆ ಎದ್ದವು. ಹಳೆಯ ತೂತುಗಳು ಅವು. ಚಾಚಾ ತವರ ಕರಗಿಸಿ ಬೆಸೆದ. ಮತ್ತೆ ಊದಿದೆ, ಒಂದು ಗುಳ್ಳೆ. ಮತ್ತೆ ಬೆಸೆದ. ಮೂರನೆಯ ಸಲ ಕಣ್ಣು ಕತ್ತಲೆ ಬರುವಷ್ಟು ಊದಿದೆ. ನೀರು ಅಲುಗಲಿಲ್ಲ.

ಅಪ್ಪ ಅದನ್ನು ಕಾರಿಗೆ ಕೂಡಿಸಿ, ಹಳೆಯ ನೀರು ತೆಗೆದು ಹೊಸದು ತುಂಬಿದ. ಹೊತ್ತು ಮುಳುಗಿ ಗಾಳಿ ಕೊರೆಯುವಾಗ ನಾವು ಹತ್ತಿಕುಣಿ ಮುಟ್ಟಿದ್ದೆವು. ಅವ್ವ ಮುಂದಿನ ಸೀಟಿನಲ್ಲಿ ಕೂತು, ಕೂಸಿನ, ನನ್ನ ಬೆರಳುದ್ದದ ಅಂಗಾಲುಗಳನ್ನು ಹೀಟರಿನ ಕಡೆ ಹಿಡಿದಳು. ಬೆಚ್ಚನೆ ಗಾಳಿ ಬರುತ್ತಿತ್ತು, ಸ್ವಲ್ಪ ಹುಣಸೆಹುಳಿಯ ವಾಸನೆಯೊಂದಿಗೆ. ಊರ ದೀಪಗಳು ಕಾಣುವ ಹೊತ್ತಿಗೆ ನನ್ನ ತಮ್ಮ ಕಾಲು ಝಾಡಿಸಿ ಅಳತೊಡಗಿದ. ಗಟ್ಟಿಯಾಗಿಯೇ ಅತ್ತ. ಅಪ್ಪ ಸ್ಟೇರಿಂಗ್ ಹಿಡಿದುಕೊಂಡೇ ನಕ್ಕ, ಅವನ ಕೆನ್ನೆ ಒದ್ದೆಯಾಗಿತ್ತು.

ಆ ಕಾರು ಎಂದೋ ಗುಜರಿಗೆ ಹೋಯಿತು. ಚಾಚಾನ ಭಟ್ಟಿ ಇದ್ದಲ್ಲಿ ಪ್ಲಾಸ್ಟಿಕ್ ಕೊಡಗಳ ಅಂಗಡಿ ಇದೆ. ಹೋದ ವರ್ಷ ಮೊಮ್ಮಗಳ ಕಾರು ಕೆಟ್ಟಾಗ ಮೆಕ್ಯಾನಿಕನನ್ನು ಕೆಟ್ಟ ಭಾಗದ ಒಳಗೇನಿದೆ ಎಂದು ಕೇಳಿದೆ. “ನಮಗೂ ಗೊತ್ತಿಲ್ಲರಿ ಅಮ್ಮಾ, ಪೂರಾ ಸೆಟ್ಟೇ ಬದಲಿ ಮಾಡ್ತೀವಿ,” ಅಂದ. ಅವನ ತಪ್ಪಲ್ಲ. ಆದರೆ ಕೆಡಿಸಿದ ಮಗುವನ್ನೇ ಹತ್ತಿರ ಕರೆದು, ಕೆಟ್ಟದ್ದನ್ನು ಬಿಚ್ಚಿ ತೋರಿಸಿ, ಸರಿಮಾಡುವ ಕೆಲಸವನ್ನೂ ಅದಕ್ಕೇ ಕೊಡುವವರು ಈಗ ಸಿಗುವುದು ಕಷ್ಟ. ಅಪ್ಪ ಇಲ್ಲ, ಅವ್ವ ಇಲ್ಲ, ಚಾಚಾ ಇಲ್ಲ.

ತಮ್ಮ ಇದ್ದಾನೆ, ಶಹಾಪುರದಲ್ಲಿ. ಎಪ್ಪತ್ತು ದಾಟಿದ ಮುದುಕ. ಮಾಗಿ ಬಂತೆಂದರೆ ಮುಂಜಾನೆಯೇ ಅವನ ಫೋನು.

“ಅಕ್ಕಾ, ಥಂಡಿ ಭಾಳ ಅದ. ಕಾಲು ಬೆಚ್ಚಗ ಇಟ್ಕೊ.”