ಅಪ್ಪ ಕೇಳಿದ ಮಗ್ಗದ ಸದ್ದು

ಅಪ್ಪನನ್ನು ಆಸ್ಪತ್ರೆಯಿಂದ ಮೊಳಕಾಲ್ಮೂರಿಗೆ ಕರೆತಂದ ದಿನವೇ ನನ್ನ ತಮ್ಮ ಮಗ್ಗ ನಿಲ್ಲಿಸಿದ. ನಡುಮನೆಯಲ್ಲಿ ಅಪ್ಪನ ಮಂಚ, ಪಕ್ಕದ ಕೋಣೆಯಲ್ಲಿ ನೆಲದ ಗುಂಡಿಗೆ ಕಾಲಿಳಿಬಿಟ್ಟು ನೇಯುವ ಗುಂಡಿ ಮಗ್ಗ, ನಡುವೆ ಬಾಗಿಲೂ ಇಲ್ಲ. ಲಿವರ್ ಕ್ಯಾನ್ಸರಿನ ಮನುಷ್ಯನಿಗೆ ದಿನವಿಡೀ ಟಕಟಕ ಕೇಳಿಸುವುದು ಬೇಡವೆಂದು ನಮಗೆಲ್ಲ ಅನಿಸಿತ್ತು. ಅರ್ಧ ನೇಯ್ದ ರೇಷ್ಮೆ ಸೀರೆಯ ಮೇಲೆ ಹಳೇ ಪಂಚೆ ಹೊದಿಸಿದೆವು. ಮನೆ ಬಿಕೋ ಅನ್ನುತ್ತಿತ್ತು.

ನಾನು ಪಾಠ ಮಾಡುವ ಚಳ್ಳಕೆರೆಯ ಶಾಲೆಗೆ ರಜೆ ಹಾಕಿ ಬಂದಿದ್ದೆ. ಗಂಜಿ ಕಾಯಿಸುವುದು, ಮಗ್ಗುಲು ತಿರುಗಿಸುವುದು, ಬಟ್ಟೆ ಒಗೆಯುವುದು. ದುಃಖ ಆಗಬೇಕಿತ್ತು, ಆಗುತ್ತಿರಲಿಲ್ಲ. ಏನೂ ಆಗುತ್ತಿರಲಿಲ್ಲ.

ಅಂಥ ಹೊತ್ತಲ್ಲಿ ನರ್ಸಮ್ಮ ಬಂದರು. ಕಾಯಿಲೆ ಕೈಮೀರಿದವರನ್ನು ಮನೆಗೇ ಬಂದು ನೋಡಿಕೊಳ್ಳುವವರಂತೆ. ನನ್ನ ಬಾಯಿ ಮೊದಲಿನಿಂದಲೂ ಖಾರ.

"ಗುಣ ಮಾಡಕ್ಕಾಗಲ್ಲ ಅಂದ್ಮೇಲೆ ನೀವ್ಯಾಕ್ರೀ ಬರ್ತೀರಾ?"

"ನೋವು ಕಮ್ಮಿ ಮಾಡಕ್ಕೆ. ಆಮೇಲೆ, ಇರೋವಷ್ಟು ದಿನ ಹೆಂಗಿರ್ಬೇಕು ಅಂತ ಅವರನ್ನೇ ಕೇಳಕ್ಕೆ," ಅಂದರು, ಸಿಟ್ಟಾಗದೆ. ಮಾತ್ರೆ ಕೊಟ್ಟು, ನೋವು ಇಳಿಯುವವರೆಗೂ ಕಾದು, ಅಪ್ಪನ ಕಿವಿಯ ಹತ್ತಿರ ಬಾಗಿದರು. "ಯಜಮಾನ್ರೇ, ನಿಮಗೇನು ಬೇಕು?"

ನೀರು ಬೇಕಾ, ಗಂಜಿ ಬೇಕಾ ಎಂದು ನಾವೂ ಕೇಳಿದ್ದೆವು. ಹೀಗೆ ಕೇಳಿರಲಿಲ್ಲ.

"ತಿರುಗಾ ಆಸ್ಪತ್ರೆ ಬ್ಯಾಡ," ಅಂದ ಅಪ್ಪ. ಉಸಿರು ಸುಧಾರಿಸಿಕೊಂಡು ಕೋಣೆಯ ಕಡೆ ನೋಡಿದ. "ಮಗ್ಗ ಯಾಕೆ ನಿಂತೈತೆ? ಅದು ಆಡ್ತಿದ್ರೆ ನಾನು ಮನೇಲಿದೀನಿ ಅಂತ ಗೊತ್ತಾಗ್ತೈತೆ."

ತಮ್ಮ ಸೀರೆಯ ಮೇಲಿನ ಪಂಚೆ ತೆಗೆದು ಗುಂಡಿಗಿಳಿದ. ಲಾಳಿ ಓಡತೊಡಗಿತು. ಅಪ್ಪ ಕಣ್ಣು ಮುಚ್ಚಿ ಕೇಳಿಸಿಕೊಂಡ. "ಹೊಡ್ತ ಸಡ್ಲ ಬಿಡ್ತಿದೀಯಲ್ಲೋ, ಎಳೆ ಬಿಗಿಯಾಗಿ ಕೂರಲ್ಲ," ಎಂದು ಬೈದ. ಬೈದು ಬಹಳ ದಿನವಾಗಿತ್ತು.

ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಹೊಸ್ತಿಲು ದಾಟುವ ಮೊದಲೇ ಕೂಗಾಡಿದಳು. "ಇಲ್ಲಿ ಜೀವ ಹೋಗ್ತೈತೆ, ನೀವು ಸೀರೆ ನೇಯ್ತೀರಾ? ನೋಡ್ದೋರು ಉಗಿಯಲ್ವೇನೇ?"

"ಉಗೀಲಿ ಬಿಡು ಅತ್ತೆ, ಒರೆಸ್ಕೊಂತೀವಿ."

ಅತ್ತೆ ನನ್ನ ಜೊತೆ ಮಾತು ಬಿಟ್ಟಳು. ಅಪ್ಪನ ಉಸಿರು ಗೊರಗೊರ ಅನ್ನತೊಡಗಿದಾಗ ಮಾತ್ರ ಬಂದು ನನ್ನ ರಟ್ಟೆ ಹಿಡಿದಳು. "ದಾವಣಗೆರೆ ಆಸ್ಪತ್ರೆಗೆ ಕರ್ಕೊಂಡು ಹೋಗಾನ, ಗಾಡಿ ಕರೆಸೇ." ಅವಳೇನು ಕೆಟ್ಟವಳಲ್ಲ, ತನ್ನ ತಮ್ಮ ಉಳಿಯಲಿ ಅಂತಲೇ ಕೇಳಿದ್ದು. ನಾನು ಗಾಡಿಗಲ್ಲ, ನರ್ಸಮ್ಮನಿಗೆ ಫೋನ್ ಮಾಡಿದೆ. ಕೊನೆಗಾಲದಲ್ಲಿ ಉಸಿರು ಹೀಗೇ ಆಗುತ್ತದೆ, ತುಟಿ ಒದ್ದೆ ಮಾಡುತ್ತ ಪಕ್ಕದಲ್ಲಿ ಕೂತಿರಿ ಅಂದರು.

"ಅಪ್ಪ ಬ್ಯಾಡ ಅಂತ ಹೇಳೈತೆ ಅತ್ತೆ," ಅಂದೆ. ನನ್ನ ದನಿ ಬೇರೆ ಯಾರದೋ ಅನಿಸಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು.

ನಾನು ಹತ್ತಿ ಒದ್ದೆ ಮಾಡಿ ಅಪ್ಪನ ತುಟಿಗೆ ಹಚ್ಚುತ್ತ ಕೂತೆ. ಪಕ್ಕದ ಕೋಣೆಯಲ್ಲಿ ತಮ್ಮನ ಮಗ್ಗ ಆಡುತ್ತಲೇ ಇತ್ತು. ಒಂದು ಉಸಿರು ಬಂತು. ತುಂಬ ಹೊತ್ತಿನ ಮೇಲೆ ಇನ್ನೊಂದು ಬಂತು. ಆಮೇಲೆ ಬರಲಿಲ್ಲ. ಕಾದೆ. ಕೈ ಇನ್ನೂ ಬೆಚ್ಚಗಿತ್ತು. ಕೂಗಬೇಕಿತ್ತು, ಕೂಗಿದರೆ ಮಗ್ಗ ನಿಲ್ಲುತ್ತಿತ್ತು.

ತಮ್ಮ ಗುಂಡಿಯಿಂದಲೇ ಕೇಳಿದ, "ಅಕ್ಕಾ, ಅಪ್ಪಂಗೆ ಕೇಳಿಸ್ತೈತಾ?"

"ಕೇಳಿಸ್ತೈತೆ," ಅಂದೆ. "ನೇಯಿ."